ನಮ್ಮ ಬಚ್ಚಲು, ಕೆಳಗಿನವರ ಸೂರು

ಮುಂಬಯಿಯ ಫ್ಲ್ಯಾಟಿನಲ್ಲಿ ತಮ್ಮ ಕೈಯಾರೆ ಶವರ್ ಮಾಡಿಕೊಳ್ಳಲು ಹೊರಟವರು ಮೊದಲು ನೋಡುವುದು ಗಾಜಿನ ತಡಿಕೆ, ಅಗಲವಾದ ಶವರ್, ಟೈಲ್ಸಿನ ಬಣ್ಣ. ಉಮೇದು ಒಳ್ಳೆಯದೇ. ಆದರೆ ದುಡ್ಡೂ ಗಮನವೂ ಹೋಗಬೇಕಾದ್ದು ಟೈಲ್ಸಿನ ಕೆಳಗೆ ಎನ್ನುವುದು ನನ್ನ ವಾದ.

ಊರಿನ ಬಚ್ಚಲುಮನೆ ನೆಲದ ಮೇಲಿತ್ತು. ಹಂಡೆಯ ನೀರು ಸುರಿದುಕೊಂಡರೆ ಅದು ಹಿತ್ತಲಿನ ಬಾಳೆಗೋ ತೆಂಗಿಗೋ ಹೋಗುತ್ತಿತ್ತು. ಒಂದಿಷ್ಟು ಜಿನುಗಿದರೂ ಯಾರೂ ಕೇಳುತ್ತಿರಲಿಲ್ಲ. ಮುಂಬಯಿಯಲ್ಲಿ ನಮ್ಮ ಬಚ್ಚಲಿನ ನೆಲ ಇನ್ನೊಬ್ಬರ ಸೂರು. ಎಷ್ಟೋ ಹಳೆಯ ಕಟ್ಟಡಗಳಲ್ಲಿ ನಮ್ಮ ನಹಾನಿ ಟ್ರ್ಯಾಪೇ ಕೆಳಗಿನವರ ಬಚ್ಚಲಿನಲ್ಲಿ ನೇತಾಡುತ್ತಿರುತ್ತದೆ. ಅದು ಸೋರಿದರೆ ನಮಗೆ ಗೊತ್ತಾಗುವುದೇ ಇಲ್ಲ. ಅವರ ಗಿಲಾವು ಉದುರುತ್ತದೆ, ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕೊನೆಗೆ ಲಿಫ್ಟಿನಲ್ಲಿ ಎದುರಾದರೂ ಮಾತಿಲ್ಲದಂತಾಗುತ್ತದೆ. ಮನೆಯೊಳಗಿನ ಬಚ್ಚಲಿನ ಸೋರಿಕೆಯನ್ನು ಆ ಮನೆಯ ಸದಸ್ಯರೇ ಸರಿಪಡಿಸಬೇಕು ಎನ್ನುವುದು ಹೌಸಿಂಗ್ ಸೊಸೈಟಿಗಳ ಸಾಮಾನ್ಯ ನಿಯಮ. ಅದು ನ್ಯಾಯವೂ ಹೌದು.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ. ಮೊದಲು ಸೊಸೈಟಿಗೆ ಪತ್ರ ಕೊಡಿ, ಕೆಳಗಿನವರಿಗೆ ಖುದ್ದಾಗಿ ಹೇಳಿ. ಹಳೆಯ ಟೈಲ್ಸ್ ತೆಗೆಯುವಾಗ ಬ್ರೇಕರ್ ಬೇಡ. ಪೆಟ್ಟು ಸ್ಲ್ಯಾಬಿಗೆ ತಾಗುತ್ತದೆ. ವಾಟರ್‌ಪ್ರೂಫಿಂಗ್ ಲೇಪನ ನೆಲಕ್ಕಷ್ಟೇ ಸಾಲದು. ಮೂಲೆಗಳಿಗೆ, ಪೈಪಿನ ಸುತ್ತ, ಶವರ್ ಬೀಳುವ ಗೋಡೆಗೆ ಆಳೆತ್ತರದವರೆಗೂ ಬೇಕು. ಅದು ಒಣಗಿದ ಮೇಲೆ ಟ್ರ್ಯಾಪಿನ ಬಾಯಿ ಮುಚ್ಚಿ, ನೀರು ಕಟ್ಟಿ, ಕನಿಷ್ಠ 24 ಗಂಟೆ ಬಿಡಿ. ಕೆಳಗಿನ ಮನೆಗೆ ಹೋಗಿ ಸೂರು ನೋಡಿ. ಮೇಸ್ತ್ರಿ 'ಇದೆಲ್ಲ ಯಾಕೆ ಸಾಹೇಬ್' ಎಂದರೂ ಈ ಪರೀಕ್ಷೆ ಬಿಡಬೇಡಿ. ಟೈಲ್ಸ್ ಬಂದ ಮೇಲೆ ತಪ್ಪು ಕಂಡರೆ ಎಲ್ಲವನ್ನೂ ಮತ್ತೆ ಒಡೆಯಬೇಕು. ಟೈಲ್ಸಿನ ಇಳಿಜಾರು ಮೀಟರಿಗೆ 15ರಿಂದ 20 ಮಿಲಿಮೀಟರ್ ಇದ್ದರೆ ನೀರು ನಿಲ್ಲುವುದಿಲ್ಲ.

ಇನ್ನು ಮೇಲಿನ ಸೊಗಸು. ಹೆಚ್ಚಿನ ಕಟ್ಟಡಗಳಲ್ಲಿ ನೀರು ತಾರಸಿಯ ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. 10 ಮೀಟರ್ ಎತ್ತರಕ್ಕೆ ಸಿಗುವ ಒತ್ತಡ ಸುಮಾರು 1 ಬಾರ್. ಟ್ಯಾಂಕಿಗೆ ಎರಡೇ ಮೀಟರ್ ಕೆಳಗಿರುವ ಮೇಲಂತಸ್ತಿನ ಮನೆಗೆ ಸಿಗುವುದು ಅದರ ಐದನೇ ಒಂದು ಪಾಲು. ಅಂಥ ಕಡೆ ದೊಡ್ಡ ಮಳೆ-ಶವರ್ ತೊಟ್ಟಿಕ್ಕುತ್ತದೆ ಅಷ್ಟೆ. ಕೊಳ್ಳುವ ಮೊದಲು ನಲ್ಲಿಯ ಕೆಳಗೆ 20 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ತುಂಬಲು ಮೂರು ನಿಮಿಷ ದಾಟಿದರೆ ಸಣ್ಣ ಹ್ಯಾಂಡ್ ಶವರೇ ಸಾಕು. ತಾನ್ಸಾ, ಭಾತ್ಸಾದಂಥ ದೂರದ ಜಲಾಶಯಗಳಿಂದ ಬಂದು, ದಿನಕ್ಕೆ ಕೆಲವೇ ಗಂಟೆ ನಲ್ಲಿಯಲ್ಲಿ ಹರಿಯುವ ನೀರಿದು. ಸಾಧಾರಣ ಶವರ್ ಎರಡೇ ನಿಮಿಷದಲ್ಲಿ ಒಂದು ಬಕೆಟ್ ಖಾಲಿ ಮಾಡುತ್ತದೆ ಎನ್ನುವುದೂ ನೆನಪಿರಲಿ.

ಶವರ್ ಕೂರಿಸುವುದು, ಪರದೆ ಕಟ್ಟುವುದು, ಟೈಲ್ಸಿನ ಸಂದು ತುಂಬುವುದು ಧಾರಾಳವಾಗಿ ನೀವೇ ಮಾಡಿ. ತಪ್ಪಿದರೆ ನಷ್ಟ ನಿಮ್ಮದೊಬ್ಬರದೇ. ಟ್ರ್ಯಾಪು, ಲೇಪನ, ಇಳಿಜಾರನ್ನು ಅನುಭವಿಗಳಿಗೆ ಬಿಟ್ಟು ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಅಲ್ಲಿ ತಪ್ಪಿದರೆ ಅದರ ಫಲ ಉಣ್ಣುವವರು ಕೆಳಗಿನ ಮನೆಯವರು.