‘ಕನ್ನಡ’ದಲ್ಲಿ ಎಷ್ಟು ಅಕ್ಷರ?

ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಕೊಠಡಿಯಿಂದ ನೇರವಾಗಿ ನನ್ನ ಬಳಿಗೆ ಬಂದು, “ಗುರುಗಳೇ, ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ?” ಎಂದು ಕೇಳಿದನು. “ಮೂರು” ಎಂದೆನು. “ಪೈಥಾನ್ ಐದು ಎನ್ನುತ್ತದೆ” ಎಂದನು. ಅವನ ಮುಖದಲ್ಲಿ ಕುಚೋದ್ಯವಿರಲಿಲ್ಲ. ಯಾರನ್ನು ನಂಬಬೇಕೆಂಬ ನಿಜವಾದ ಸಂಶಯವಿತ್ತು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಕೊಠಡಿಯ ಹೊಸ್ತಿಲನ್ನು ನಾನು ಮೊದಲ ಸಲ ತುಳಿದದ್ದು ಆ ಕಾರಣದಿಂದ.

ಪೈಥಾನ್ ಎಂಬುದು ಗಣಕಕ್ಕೆ ಆಜ್ಞೆಗಳನ್ನು ಬರೆದುಕೊಡುವ ಒಂದು ಭಾಷೆ. ನೆದರ್ಲೆಂಡ್ಸಿನ ಗೀಡೊ ವಾನ್ ರಾಸಮ್ ಅವರು ಇದನ್ನು 1991ರಲ್ಲಿ ಲೋಕಕ್ಕೆ ನೀಡಿದರು. ಇದರ ವಿಚಿತ್ರ ನಡೆಗಳು ಹಲವು. ಪಟ್ಟಿಯ ಸ್ಥಾನಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಸಾಲಿನ ಆದಿಯಲ್ಲಿ ಬಿಡುವ ತೆರಪೇ ಇಲ್ಲಿ ವ್ಯಾಕರಣ. ಅದು ತಪ್ಪಿದರೆ ಅರ್ಥ ಕೆಡುತ್ತದೆ, ಇಲ್ಲವೆ ಕೆಲಸ ನಿಲ್ಲುತ್ತದೆ. ಒಂದೇ ಪಟ್ಟಿಗೆ ಎರಡು ಹೆಸರಿಟ್ಟು ಒಂದರಿಂದ ತಿದ್ದಿದರೆ ಮತ್ತೊಂದರಲ್ಲಿಯೂ ತಿದ್ದುಪಡಿ ಕಾಣುತ್ತದೆ. ಪರ್ಯಾಯಪದಗಳನ್ನು ಬಲ್ಲವರಿಗೆ ಇದು ಸೋಜಿಗವಲ್ಲ.

ಅಕ್ಷರದ ಎಣಿಕೆಯಾದರೋ ಗಂಭೀರ ವಿಷಯ. ‘ಕನ್ನಡ’ದಲ್ಲಿ ಅಕ್ಷರ 3. ವರ್ಣಗಳಾಗಿ ಬಿಡಿಸಿದರೆ ಕ್, ಅ, ನ್, ನ್, ಅ, ಡ್, ಅ ಎಂದು 7. ಛಂದಸ್ಸಿನಲ್ಲಿ ಒಂದು ಗುರು, ಎರಡು ಲಘು, ಮಾತ್ರೆ 4. ಯಂತ್ರದ 5 ಎಲ್ಲಿಂದ ಬಂತು? ಯೂನಿಕೋಡ್ ವ್ಯವಸ್ಥೆಯಲ್ಲಿ ಒಂದೊಂದು ಚಿಹ್ನೆಗೂ ಒಂದು ಸಂಖ್ಯೆ. ಕ, ನ, ಹಲಂತಚಿಹ್ನೆ, ನ, ಡ ಎಂದು ಅದು ಎಣಿಸುತ್ತದೆ. ನಮ್ಮ ವ್ಯಾಕರಣಕ್ಕೆ ‘ಕ್’ ಮೂಲ, ‘ಅ’ ಸೇರಿದಾಗ ‘ಕ’. ಯಂತ್ರಕ್ಕೆ ‘ಕ’ವೇ ಮೂಲ, ಹಲಂತ ಸೇರಿದಾಗ ‘ಕ್’. ನಾವು ಕೂಡುವುದನ್ನು ಅದು ಕಳೆಯುತ್ತದೆ! ‘ಶಿವ’ವನ್ನು ತಿರುಗಿಸೆಂದರೆ ‘ವಶಿ’ ಬರಬೇಕು. ಗುಡಿಸು ಸ್ಥಾನ ತಪ್ಪಿ ‘ವಿಶ’ ಬರುತ್ತದೆ. ‘ಬಸಪ್ಪ’ನ ಮೊದಲ ನಾಲ್ಕನ್ನು ತೆಗೆಯೆಂದರೆ ‘ಬಸಪ್’ ಉಳಿಯುತ್ತದೆ. ಇದು ಬರಿಯ ವಿನೋದವಲ್ಲ. ಅರಿಯದವನು ಬರೆದ ಪ್ರೋಗ್ರಾಮಿನಿಂದ ನಾಳೆ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ತುಂಡಾದೀತು.

ಯಂತ್ರವು ಸುಳ್ಳಾಡಲಿಲ್ಲ. ಅದು ಸಂಕೇತಗಳನ್ನು ಎಣಿಸಿತು, ನಾನು ಅಕ್ಷರಗಳನ್ನು ಎಣಿಸಿದೆನು. ಈ ಭೇದವನ್ನು ವಿದ್ಯಾರ್ಥಿಗೆ ತಿಳಿಸಬೇಕಾದವರು ಯಾರು? ಗಣಕದ ಅಧ್ಯಾಪಕರಿಗೆ ವರ್ಣಮಾಲೆಯ ಶಾಸ್ತ್ರ ತಿಳಿಯದು, ಕನ್ನಡ ಪಂಡಿತರಿಗೆ ಯಂತ್ರದ ನಡೆ ತಿಳಿಯದು. ಇಬ್ಬರ ನಡುವೆ ಮಗು ಅನಾಥವಾಗುತ್ತದೆ. ಯಂತ್ರವನ್ನು ಹಳಿದು ದೂರವಿರುವುದು ಪಾಂಡಿತ್ಯವಲ್ಲ, ಆಲಸ್ಯ. ಆ ಆಲಸ್ಯದಲ್ಲಿ ನಾನೂ ಪಾಲುಗಾರನೆಂದು ಒಪ್ಪಿಕೊಳ್ಳುತ್ತೇನೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ವಾರಕ್ಕೊಂದು ಅವಧಿಯಲ್ಲಿ ಕನ್ನಡದ ಅಧ್ಯಾಪಕರೂ ಗಣಕದ ಅಧ್ಯಾಪಕರೂ ಒಂದೇ ಕೊಠಡಿಯಲ್ಲಿ ನಿಂತು ಪಾಠ ಮಾಡಲಿ. ಷಟ್ಪದಿಯ ಸಾಲಿಗೆ ಲಘು-ಗುರು ಹಾಕುವ ಪ್ರೋಗ್ರಾಮನ್ನು ಮಕ್ಕಳು ಬರೆಯಲಿ; ಛಂದಸ್ಸೂ ತರ್ಕವೂ ಒಟ್ಟಿಗೆ ಕರಗತವಾಗುತ್ತವೆ. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನ ಬಂದು ನಮಗೂ ಕಲಿಸಲಿ. ಯಂತ್ರಗಳನ್ನು ಕೊಟ್ಟ ದಾನಿಗಳು ಅಧ್ಯಾಪಕರ ಈ ಕಲಿಕೆಗೂ ನೆರವಾಗಲಿ. ಅನ್ನದಾಸೋಹದ ಪಕ್ಕದಲ್ಲಿಯೇ ಜ್ಞಾನದಾಸೋಹವನ್ನು ನಡೆಸಿಕೊಂಡು ಬಂದ ಮಠಕ್ಕೆ ಇದು ಹೊರಗಿನ ಕೆಲಸವಲ್ಲ.

ಆ ಹುಡುಗನಿಗೆ ಕೊನೆಗೆ ಹೇಳಿದೆನು: “ಮೂರೂ ಸರಿ, ಐದೂ ಸರಿ, ಏಳೂ ಸರಿ, ಏನನ್ನು ಎಣಿಸುತ್ತಿದ್ದೇನೆಂಬ ಅರಿವಿರಲಿ.” ಆ ಅರಿವೇ ವಿದ್ಯೆ.