ಲ್ಯಾಬಿನ ಬಾಗಿಲು ತೆರೆಯುವವರಿಗೆ ಹುದ್ದೆ ಎಲ್ಲಿದೆ?

ಮಂಗಳೂರಿನ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಸಿಎ ಮೊದಲ ತರಗತಿಗೆ ಬರುವ ಅತಿಥಿ ಉಪನ್ಯಾಸಕಿ ತಮ್ಮ ಹೆಸರು ಹೇಳುತ್ತಾರೆ, ಈ ಸೆಮಿಸ್ಟರಿಗೆ ಸಿ ಪ್ರೋಗ್ರಾಮಿಂಗ್ ನನ್ನದು ಎನ್ನುತ್ತಾರೆ. ಮುಂದಿನ ವರ್ಷವೂ ನಾನೇ ಇರುತ್ತೇನೆ ಎಂದು ಮಕ್ಕಳಿಗೆ ಮಾತು ಕೊಡಲು ಅವರಿಂದಾಗದು. ಆದೇಶ ಬಂದರೆ ಇದ್ದಾರೆ, ಬಾರದಿದ್ದರೆ ಇಲ್ಲ.

ಇದೇ ಊರಿನ ಸುರತ್ಕಲ್ ಎನ್‌ಐಟಿಕೆಯಲ್ಲಿ ಎಂ.ಟೆಕ್ ವಿದ್ಯಾರ್ಥಿ ಕಿರಿಯರ ಮುಂದೆ ನಿಂತು, ನಾನು ಈ ವಿಷಯದ ಟೀಚಿಂಗ್ ಅಸಿಸ್ಟೆಂಟ್ ಎಂದು ನಿರಾಳವಾಗಿ ಹೇಳಿಕೊಳ್ಳುತ್ತಾನೆ. ಗೇಟ್ ಪಾಸಾಗಿ ಬಂದವನಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಅದಕ್ಕೆ ಪ್ರತಿಯಾಗಿ ವಾರಕ್ಕೆ 8 ಗಂಟೆ ಲ್ಯಾಬಿನಲ್ಲಿ, ಮೌಲ್ಯಮಾಪನದಲ್ಲಿ ನೆರವಾಗಬೇಕು. ಪಾಠದ ಹೊಣೆ ಪ್ರಾಧ್ಯಾಪಕರದು. ಅವನ ಕೆಲಸಕ್ಕೆ ಒಂದು ಗಡಿ ಇದೆ, ಆ ಗಡಿ ಎಲ್ಲರಿಗೂ ಗೊತ್ತಿದೆ.

ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಅಂಥ ಗಡಿಯಿಲ್ಲ. ಥಿಯರಿ, ಲ್ಯಾಬ್, ಆಂತರಿಕ ಅಂಕ, ಪ್ರಾಜೆಕ್ಟ್, ಎಲ್ಲವೂ ಅವರ ತಲೆಯ ಮೇಲೆ. 2021-22ರಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. ಡಿಜಿಟಲ್ ಫ್ಲುಯೆನ್ಸಿ ಎಂಬ ಪತ್ರಿಕೆ ಬಂತು, ಬಿಸಿಎ ಪಠ್ಯಕ್ರಮವೂ ಬದಲಾಯಿತು. 2024-25ಕ್ಕೆ ಆ ನೀತಿ ಹೋಯಿತು, ಪಠ್ಯಕ್ರಮ ಮತ್ತೊಮ್ಮೆ ಬದಲಾಯಿತು. ಎರಡು ಸಲವೂ ಹೊಸ ಪಾಠಕ್ಕೆ ನೋಟ್ಸ್ ಬರೆದು, ಲ್ಯಾಬ್ ಪ್ರೋಗ್ರಾಂಗಳನ್ನು ತಾವೇ ಓಡಿಸಿ ನೋಡಿ ಮಕ್ಕಳಿಗೆ ದಾಟಿಸಿದವರಲ್ಲಿ ಈ ತಾತ್ಕಾಲಿಕರೂ ಇದ್ದಾರೆ. ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ದುಡಿಮೆಯಿಂದ.

ಗೌರವಧನ ಏರಿಸಿದ್ದೇವೆ ಎಂದು ಸರ್ಕಾರ ಹೇಳುತ್ತದೆ. ಹೌದು, 2022ರ ಜನವರಿಯಲ್ಲಿ 11-13 ಸಾವಿರ ಇದ್ದದ್ದು 26ರಿಂದ 32 ಸಾವಿರಕ್ಕೆ ಏರಿತು. ಅದರ ಜೊತೆಗೇ ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಿ, ಇಬ್ಬರಿಗೆ ಹಂಚಿಹೋಗಿದ್ದ ತರಗತಿಗಳನ್ನು ಒಬ್ಬರಿಗೆ ಕೊಟ್ಟರು. ಇನ್ನೊಬ್ಬರು ಮನೆಗೆ ಹೋದರು. 2023ರ ನವೆಂಬರಿನಿಂದ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕೂತ ಮೇಲೆ, 2024ರ ಜನವರಿಯಲ್ಲಿ ಸೇವಾವಧಿಗೆ ತಕ್ಕಂತೆ 5ರಿಂದ 8 ಸಾವಿರ ಹೆಚ್ಚಳ ಮತ್ತು 60 ವರ್ಷಕ್ಕೆ 5 ಲಕ್ಷದ ಇಡುಗಂಟಿನ ಘೋಷಣೆ ಬಂತು. ಆದರೆ ಅತಿಥಿ ಬೋಧಕರಿಗೆ ತರಗತಿಗೆ 1,500 ರೂಪಾಯಿ, ತಿಂಗಳಿಗೆ 50 ಸಾವಿರದವರೆಗೆ ಕೊಡಬಹುದೆಂದು ಯುಜಿಸಿ ಹೇಳಿದ್ದು 2019ರಲ್ಲಿ. ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವೇ 57,700.

ಈಗಿನ ಜಗಳ ಅರ್ಹತೆಯದು. ನೆಟ್, ಕೆ-ಸೆಟ್ ಅಥವಾ ಪಿಎಚ್‌.ಡಿ ಇಲ್ಲದವರು ಪದವಿ ತರಗತಿಗೆ ಬೇಡ ಎನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬಡವರ ಮಕ್ಕಳಿಗೂ ಅರ್ಹ ಶಿಕ್ಷಕರೇ ಸಿಗಬೇಕು. ಆದರೆ ಅರ್ಹತೆಯಿಲ್ಲವೆಂದು ಗೊತ್ತಿದ್ದೂ ಹತ್ತು, ಹದಿನೈದು ವರ್ಷ ಅವರಿಂದಲೇ ಪಾಠ ಮಾಡಿಸಿಕೊಂಡ ಸರ್ಕಾರ ಈಗ ನಿಯಮ ತೋರಿಸಿ ಹೊರಗೆ ಕಳಿಸುವುದು ಅನ್ಯಾಯ. 2021ರಲ್ಲಿ ಕರೆದ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳ ನೇಮಕ ಮುಗಿಯಲು ವರ್ಷಗಳೇ ಹಿಡಿದವು. ಗಣಕ ವಿಜ್ಞಾನದಲ್ಲಂತೂ ಎಂಸಿಎ ಮುಗಿಸಿದವರಿಗೆ ಮಂಗಳೂರಿನ ಬಳಿಯೇ ಇನ್ಫೋಸಿಸ್ ಇದೆ, ಬೆಂಗಳೂರಿನ ದಾರಿಯೂ ತೆರೆದಿದೆ. ಅದನ್ನು ಬಿಟ್ಟು ಕಲಿಸಲು ಉಳಿದವರನ್ನು ಕಳೆದುಕೊಂಡರೆ ಅವರ ಜಾಗಕ್ಕೆ ಈ ಸಂಬಳಕ್ಕೆ ಯಾರು ಬರುತ್ತಾರೆ? ಅರ್ಹತೆ ಗಳಿಸಲು ಮೂರು ವರ್ಷ ಕೊಡಿ. ಕಾಯಂ ನೇಮಕಾತಿಯಲ್ಲಿ ಸೇವೆಗೆ ಕೃಪಾಂಕ ಕೊಡಿ. ಹತ್ತು ತಿಂಗಳ ಸಂಬಳದಲ್ಲಿ ಹನ್ನೆರಡು ತಿಂಗಳು ಬದುಕಿ ಎನ್ನಬೇಡಿ.

ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಸಭೆಗಳಲ್ಲಿ ಗುರುವಂದನೆಯ ಶ್ಲೋಕ ಹೇಳಿದರೆ ಸಾಲದು, ಗುರುಗಳನ್ನು ನಡೆಸಿಕೊಳ್ಳುವ ರೀತಿಯಲ್ಲೂ ಆ ಗೌರವ ಕಾಣಬೇಕು ಎಂಬರ್ಥದಲ್ಲಿ ಹೇಳಿ, ಕಾಯಂ ಶ್ರೇಣಿಯ ಕನಿಷ್ಠ ವೇತನ ಕೊಡಲು ಆದೇಶಿಸಿತು. ಕರ್ನಾಟಕ ತನ್ನವರನ್ನೂ ಕೋರ್ಟಿನ ಮೆಟ್ಟಿಲು ಹತ್ತಿಸಿ ಕಾಯಬೇಕಾಗಿಲ್ಲ.

ಬೆಂಗಳೂರಿನಾಚೆಗೂ ಐಟಿ ಬೆಳೆಸುತ್ತೇವೆ, ಮಂಗಳೂರು ಅದರ ಮುಂಚೂಣಿ ಎಂದು ಸರ್ಕಾರ ಹೇಳುತ್ತಿದೆ. ಹಾಗಿದ್ದರೆ ಕರಾವಳಿಯ ಶಾಸಕರು ಬರುವ ಅಧಿವೇಶನದಲ್ಲಿ ಇಷ್ಟು ಕೇಳಲಿ: ದಕ್ಷಿಣ ಕನ್ನಡದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಗಣಕ ವಿಜ್ಞಾನಕ್ಕೆ ಮಂಜೂರಾದ ಕಾಯಂ ಹುದ್ದೆಗಳೆಷ್ಟು, ಭರ್ತಿಯಾದದ್ದೆಷ್ಟು, ಉಳಿದವು ಯಾವ ತಿಂಗಳೊಳಗೆ ಭರ್ತಿಯಾಗುತ್ತವೆ? ಉತ್ತರ ಕಾಲೇಜುವಾರು ಬರಲಿ.