ಫೈಲ್ ಬಂದದ್ದು ಸರಿ, ಕೊಟ್ಟವರು ಯಾರು?

2016ರ ಫೆಬ್ರುವರಿ 20ರಂದು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಅಧಿಕೃತ ಜಾಲತಾಣಕ್ಕೆ ಕಳ್ಳರು ನುಗ್ಗಿದರು. ಅಲ್ಲಿದ್ದ ಡೌನ್‌ಲೋಡ್ ಕೊಂಡಿಯನ್ನು ತಿರುಚಿ, ಬಲ್ಗೇರಿಯಾದ ಸರ್ವರ್ ಒಂದರಲ್ಲಿದ್ದ ನಕಲಿ ಪ್ರತಿಯ ಕಡೆಗೆ ಹೊರಳಿಸಿದರು. ಆ ಪ್ರತಿಯೊಳಗೆ ಸುನಾಮಿ ಎಂಬ ಹಿಂಬಾಗಿಲು ಇತ್ತು; ಅದನ್ನು ಹಾಕಿಕೊಂಡ ಕಂಪ್ಯೂಟರ್ ದೂರದಲ್ಲಿರುವ ಯಾರದೋ ಅಪ್ಪಣೆಗೆ ಕಾಯುವ ಆಳಾಗುತ್ತಿತ್ತು. ಅಧಿಕೃತ ತಾಣದ ಕೊಂಡಿಯನ್ನು ನಂಬಿ ಒತ್ತಿದವರು ಸಿಕ್ಕಿಬಿದ್ದರು. ಅದೇ ಮಿಂಟನ್ನು ಟೊರೆಂಟ್ ಮೂಲಕ ಇಳಿಸಿಕೊಂಡವರಿಗೆ ಏನೂ ಆಗಲಿಲ್ಲ. ಇದಾದ ಎರಡೇ ವಾರಕ್ಕೆ, ಮ್ಯಾಕ್ ಬಳಕೆದಾರರ ಮೆಚ್ಚಿನ ಟೊರೆಂಟ್ ತಂತ್ರಾಂಶವಾದ ಟ್ರಾನ್ಸ್‌ಮಿಷನ್‌ನ ಸ್ವಂತ ತಾಣದಲ್ಲೇ, ಕೀರೇಂಜರ್ ಎಂಬ ಸುಲಿಗೆ ತಂತ್ರಾಂಶ ಬೆರೆತ 2.90ನೇ ಆವೃತ್ತಿ ಕಾಣಿಸಿಕೊಂಡಿತು. ಆಪಲ್ ಕೊಟ್ಟ ಅಸಲಿ ಡೆವಲಪರ್ ಪ್ರಮಾಣಪತ್ರದ ಸಹಿ ಅದರ ಮೇಲಿತ್ತು. ಒಳಹೊಕ್ಕ ಮೇಲೆ ಮೂರು ದಿನ ಸದ್ದಿಲ್ಲದೆ ಇದ್ದು, ಆಮೇಲೆ ಫೈಲುಗಳಿಗೆಲ್ಲ ಬೀಗ ಜಡಿದು ಒಂದು ಬಿಟ್‌ಕಾಯಿನ್ ಕೇಳುತ್ತಿತ್ತು.

ಟೊರೆಂಟ್ ಎಂದರೆ ವೈರಸ್ ಎಂಬ ಮಾತು ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಕಂಪ್ಯೂಟರ್ ರಿಪೇರಿ ಅಂಗಡಿಯವರಿಂದ ಹಿಡಿದು ಕಾಲೇಜಿನ ಲ್ಯಾಬ್ ಸಹಾಯಕರವರೆಗೆ ಎಲ್ಲರೂ ಅದನ್ನೇ ಹೇಳುತ್ತಾರೆ. ಮೇಲಿನ ಎರಡು ಪ್ರಕರಣಗಳ ಎದುರು ಆ ಮಾತು ನಿಲ್ಲುವುದಿಲ್ಲ. ಬರೀ ತಪ್ಪು ತಿಳಿವಳಿಕೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು, ಆದರೆ ಅದರಿಂದ ಹಾನಿಯೂ ಇದೆ. ಹತ್ತು ಸಿನಿಮಾ ಇಳಿಸಿಕೊಂಡರೂ ಏನೂ ಆಗದ ಹುಡುಗ, ಹೆದರಿಸಿದವರೇ ಸುಳ್ಳು ಹೇಳಿದರು ಎಂದುಕೊಳ್ಳುತ್ತಾನೆ. ಮುಂದೆ ಫೋಟೊಶಾಪ್‌ನ ಕ್ರ್ಯಾಕ್ ಅನ್ನು, ಅಂದರೆ ಪರವಾನಗಿಯ ಬೀಗ ಮುರಿಯುವ ಪ್ರೋಗ್ರಾಮನ್ನು, ಇಳಿಸುವಾಗ ಯಾವ ಎಚ್ಚರಿಕೆಯೂ ಅವನ ಕಿವಿಗೆ ಬೀಳುವುದಿಲ್ಲ, ಅವನು ನಿಜವಾಗಿ ಹೆದರಬೇಕಿದ್ದದ್ದು ಆಗಲೇ ಆದರೂ. ಯಾರು ಮಾಡಿದ್ದೆಂದು ಗೊತ್ತಿಲ್ಲದ ಪ್ರೋಗ್ರಾಮನ್ನು ನಮ್ಮ ಕೈಯಾರೆ ಓಡಿಸುವುದೇ ಇಲ್ಲಿನ ಅಪಾಯ. ಅದು ಟೊರೆಂಟ್‌ನಲ್ಲಿ ಬಂತೋ, ಟೆಲಿಗ್ರಾಂನಲ್ಲಿ ಬಂತೋ, ಪೆನ್‌ಡ್ರೈವ್‌ನಲ್ಲಿ ಬಂತೋ ಎಂಬುದು ಆಮೇಲಿನ ಮಾತು.

ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ಪದ್ಧತಿಯನ್ನೇ ನೋಡಿ. ದೊಡ್ಡ ಫೈಲನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದು ತುಂಡಿನ ಹ್ಯಾಶ್ ಅನ್ನು, ಅಂದರೆ ಗಣಿತದ ಬೆರಳಚ್ಚನ್ನು, ಟೊರೆಂಟ್ ಫೈಲ್‌ನಲ್ಲಿ ಬರೆದಿಡುತ್ತಾರೆ. ಗುರುತು ಪರಿಚಯವಿಲ್ಲದ ನೂರಾರು ಕಂಪ್ಯೂಟರ್‌ಗಳಿಂದ ತುಂಡುಗಳು ಬರುತ್ತವೆ. ಯಾವುದಾದರೂ ಒಂದರಲ್ಲಿ ಒಂದೇ ಒಂದು ಬಿಟ್ ಹೆಚ್ಚುಕಡಿಮೆಯಾದರೂ ಬೆರಳಚ್ಚು ತಾಳೆಯಾಗದೆ ಆ ತುಂಡು ಕಸಕ್ಕೆ ಹೋಗುತ್ತದೆ. ದಾರಿಯಲ್ಲಿ ಯಾರೂ ಕಲಬೆರಕೆ ಮಾಡಿಲ್ಲ ಎಂಬ ಖಾತರಿಯ ಮಟ್ಟಿಗೆ ಇದು ಬಲವಾದ ವ್ಯವಸ್ಥೆ. ಆದರೆ ಮೊಹರು ಒಡೆಯದೆ ಬಂದ ಪಾರ್ಸೆಲ್‌ನಲ್ಲಿ ಕಳಿಸಿದವನೇ ವಿಷವಿಟ್ಟಿದ್ದರೆ ಮೊಹರು ಏನು ಮಾಡೀತು? ಫೈಲ್ ಕಳಿಸಿದ ಹಾಗೆಯೇ ಬಂದಿದೆಯೇ ಎಂಬ ಪ್ರಶ್ನೆಗೆ ಟೊರೆಂಟ್ ಪಕ್ಕಾ ಉತ್ತರ ಕೊಡುತ್ತದೆ. ಕಳಿಸಿದವರು ಯಾರು ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು, ಉತ್ತರವನ್ನು ಬೇರೆ ಕಡೆಯಿಂದ ತರಬೇಕು.

ಉತ್ತರ ಸಿಗುವ ಜಾಗಗಳು ಬೇಕಾದಷ್ಟಿವೆ. ಉಬುಂಟು, ಡೆಬಿಯನ್, ಲಿಬ್ರೆಆಫೀಸ್ ತಂಡಗಳು ತಮ್ಮ ತಾಣಗಳಲ್ಲೇ ಟೊರೆಂಟ್ ಕೊಂಡಿ ಕೊಡುತ್ತವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿರುವ ಹಳೆಯ ಕನ್ನಡ ಪುಸ್ತಕಗಳ ಪುಟ ತೆರೆದರೆ, ಪಿಡಿಎಫ್ ಕೊಂಡಿಯ ಜೊತೆಗೆ ಟೊರೆಂಟ್ ಕೊಂಡಿಯೂ ಸಾಮಾನ್ಯವಾಗಿ ಇರುತ್ತದೆ. ಉಬುಂಟುವಿನ ಪ್ರತಿಯೊಂದು ಬಿಡುಗಡೆಯ ಜೊತೆ ಎಸ್‌ಎಚ್‌ಎ-256 ಬೆರಳಚ್ಚುಗಳ ಪಟ್ಟಿಯೊಂದು ಬರುತ್ತದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಆದೇಶಕ್ಕೆ ಇಳಿಸಿಕೊಂಡ ಫೈಲಿನ ಹೆಸರಿನ ಜೊತೆ ಎಸ್‌ಎಚ್‌ಎ-256 ಬೇಕೆಂದೂ ಸೂಚಿಸಿದರೆ, ಸ್ವಲ್ಪ ಹೊತ್ತಿನಲ್ಲಿ 64 ಅಕ್ಷರಗಳ ಒಂದು ಸಾಲು ತೆರೆಯ ಮೇಲೆ ಬರುತ್ತದೆ. ಪಟ್ಟಿಯಲ್ಲಿರುವ ಸಾಲಿನೊಡನೆ ಅದು ಅಕ್ಷರಶಃ ಹೊಂದಬೇಕು. ಕಳ್ಳ ತಾಣಕ್ಕೇ ನುಗ್ಗಿದರೆ ಪಟ್ಟಿಯನ್ನೂ ಬದಲಿಸಬಹುದಲ್ಲ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಆ ಪಟ್ಟಿಗೆ ತಯಾರಕರ ಡಿಜಿಟಲ್ ಸಹಿಯೂ ಇರುತ್ತದೆ, ಸಹಿ ಹಾಕುವ ಕೀಲಿಯನ್ನು ತಾಣದ ಸರ್ವರ್‌ನಲ್ಲಿ ಇಡುವುದಿಲ್ಲ. ಎಲ್ಲರೂ ಸಹಿಯವರೆಗೆ ಹೋಗಲಾರರು, ನಿಜ. ಟೊರೆಂಟ್ ಒಂದು ಕಡೆಯಿಂದ, ಬೆರಳಚ್ಚು ಇನ್ನೊಂದು ಕಡೆಯಿಂದ ತಂದು ತಾಳೆ ನೋಡಿದರೂ ಮಿಂಟ್‌ನಂಥ ಮೋಸವನ್ನು ಬಹುಪಾಲು ತಪ್ಪಿಸಿಕೊಳ್ಳಬಹುದು.

ಈಗ ಕ್ರ್ಯಾಕ್‌ಗೆ ಬನ್ನಿ. ದುಬಾರಿ ತಂತ್ರಾಂಶದ ಕಳ್ಳಪ್ರತಿಯ ಟೊರೆಂಟ್ ಬಿಚ್ಚಿದರೆ ಸಾಮಾನ್ಯವಾಗಿ ಒಂದು ಸೆಟಪ್ ಫೈಲ್, ಕ್ರ್ಯಾಕ್ ಎಂಬ ಫೋಲ್ಡರ್, ಮತ್ತು ರೀಡ್‌ಮಿ ಎಂಬ ಪುಟ್ಟ ಟಿಪ್ಪಣಿ ಇರುತ್ತವೆ. ಟಿಪ್ಪಣಿಯಲ್ಲಿ ಹೇಳುವುದು ಹೆಚ್ಚುಕಡಿಮೆ ಒಂದೇ: ಮೊದಲು ಆ್ಯಂಟಿವೈರಸ್ ಆಫ್ ಮಾಡಿ, ಇಂಟರ್ನೆಟ್ ಸಂಪರ್ಕ ಕಡಿಯಿರಿ, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ವೈರಸ್ ಎಂದು ತೋರಿಸಿದರೆ ಅದು ಸುಳ್ಳು ಎಚ್ಚರಿಕೆ, ತಲೆಕೆಡಿಸಿಕೊಳ್ಳಬೇಡಿ. ಕಂಪ್ಯೂಟರ್‌ನ ಕಾವಲನ್ನೆಲ್ಲ ಕೆಡವಲು ಬೇಕಾದ ಪ್ರತಿಯೊಂದು ಹೆಜ್ಜೆಯನ್ನೂ ಮಾಲೀಕನಿಂದಲೇ ಮಾಡಿಸುವ ಟಿಪ್ಪಣಿ ಇದು. ಕ್ರ್ಯಾಕ್‌ಗಳು ಬೇರೊಂದು ಪ್ರೋಗ್ರಾಮಿನ ಒಳಗನ್ನು ತಿದ್ದುವುದರಿಂದ ಆ್ಯಂಟಿವೈರಸ್ ಅವುಗಳನ್ನು ಕಂಡರೆ ಕೂಗುವುದು ಸಹಜ, ಹಾಗಾಗಿ ಟಿಪ್ಪಣಿಯ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಕಳ್ಳನಿಗೆ ಅನುಕೂಲವಾಗಿರುವುದು ಆ ಅರ್ಧ ಸತ್ಯವೇ: ಸುಳ್ಳು ಕೂಗು ಯಾವುದು, ನಿಜವಾದ ಕೂಗು ಯಾವುದು ಎಂದು ಬಳಸುವವರಿಗೆ ಗೊತ್ತಾಗುವ ದಾರಿಯೇ ಉಳಿಯುವುದಿಲ್ಲ. 2009ರ ಜನವರಿಯಲ್ಲಿ ಆಪಲ್‌ನ ಐವರ್ಕ್ '09ರ ಕಳ್ಳಪ್ರತಿ ಟೊರೆಂಟ್‌ಗಳಲ್ಲಿ ಹರಿದಾಡಿತು. ಇಂಟೆಗೊ ಎಂಬ ಭದ್ರತಾ ಸಂಸ್ಥೆ ಪತ್ತೆಹಚ್ಚುವ ಹೊತ್ತಿಗೆ 20,000ಕ್ಕೂ ಹೆಚ್ಚು ಸಲ ಅದು ಡೌನ್‌ಲೋಡ್ ಆಗಿತ್ತು. ಐವರ್ಕ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು; ಜೊತೆಗೊಂದು ಹೆಚ್ಚಿನ ಪ್ಯಾಕೇಜ್ ಸದ್ದಿಲ್ಲದೆ ಕೂತು, ಬಳಕೆದಾರನೇ ಟೈಪಿಸಿದ ಪಾಸ್‌ವರ್ಡ್‌ನಿಂದ ಇಡೀ ಯಂತ್ರದ ಯಜಮಾನಿಕೆ ಪಡೆಯುತ್ತಿತ್ತು.

ಈಗಿನ ಕುತಂತ್ರಾಂಶಗಳಿಗೆ ಅಷ್ಟು ಯಜಮಾನಿಕೆಯೂ ಬೇಕಿಲ್ಲ. ರೆಡ್‌ಲೈನ್‌ನಂಥ ಮಾಹಿತಿ ಕದಿಯುವ ತಂತ್ರಾಂಶಗಳು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳ ಜೊತೆಗೆ ಕುಕಿಗಳನ್ನೂ ಹೊತ್ತೊಯ್ಯುತ್ತವೆ. ನೀವು ಆಗಲೇ ಲಾಗಿನ್ ಆಗಿದ್ದೀರಿ ಎಂಬುದಕ್ಕೆ ಕುಕಿಯೇ ಸಾಕ್ಷಿ. ಅದು ಕೈಗೆ ಸಿಕ್ಕಿದರೆ ಕಳ್ಳನಿಗೆ ಬಹಳ ಕಡೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಇನ್ನು ಸ್ಟಾಪ್ ಎಂಬ ಸುಲಿಗೆ ತಂತ್ರಾಂಶದ ಕುಟುಂಬ ವರ್ಷಗಟ್ಟಲೆ ಹರಡಿದ್ದು ಮುಖ್ಯವಾಗಿ ಕ್ರ್ಯಾಕ್ ಮತ್ತು ಕೀಜೆನ್‌ಗಳ (ನಕಲಿ ಪರವಾನಗಿ ಕೀಲಿ ಹುಟ್ಟಿಸುವ ಪ್ರೋಗ್ರಾಂಗಳ) ಮೂಲಕ. ದೊಡ್ಡ ಕಂಪನಿಗಳನ್ನು ಬಿಟ್ಟು, ಮನೆಯ ಕಂಪ್ಯೂಟರಿನಲ್ಲಿರುವ ಮದುವೆ ಫೋಟೊಗಳಿಗೆ, ವಿದ್ಯಾರ್ಥಿಗಳ ಪ್ರಬಂಧಗಳಿಗೆ ಬೀಗ ಹಾಕಿ ದುಡ್ಡು ಕೇಳಿದ್ದು ಅದೇ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಅನುಭವಸ್ಥರಿಂದ: ಪೂರ್ತಿ ಫೈಲನ್ನು ಹಂಚುತ್ತಿರುವ ಸಾವಿರಾರು ಸೀಡರ್‌ಗಳಿದ್ದಾರೆ, ಅಪ್‌ಲೋಡ್ ಮಾಡಿದವನು ಹಳಬ, ಕೆಳಗೆ ಎಲ್ಲರೂ ಚೆನ್ನಾಗಿದೆ ಎಂದು ಬರೆದಿದ್ದಾರೆ, ಇಷ್ಟು ಸಾಲದೇ? ಸಾಲದು. ಪೈರೇಟ್ ಬೇ ಎಂಬ ಟೊರೆಂಟ್ ತಾಣದಲ್ಲಿ ಹರಡಿದ್ದ ಒಂದು ಕುತಂತ್ರಾಂಶವನ್ನು ಭದ್ರತಾ ಸಂಸ್ಥೆ ಕ್ಯಾಸ್ಪರ್‌ಸ್ಕಿ 2019ರಲ್ಲಿ ಬಯಲಿಗೆಳೆದು ಪೈರೇಟ್‌ಮತ್ರಿಯೋಶ್ಕಾ ಎಂದು ಕರೆಯಿತು. ಅದು ಬಲೆಗೆ ಬಿದ್ದವರ ಪೈರೇಟ್ ಬೇ ಖಾತೆಯ ಹೆಸರು, ಪಾಸ್‌ವರ್ಡ್‌ಗಳನ್ನೇ ಕೇಳಿ ಪಡೆದು, ಆ ಹಳಬರ ಒಳ್ಳೆಯ ಹೆಸರಿನಲ್ಲಿ ಇನ್ನಷ್ಟು ನಕಲಿ ಟೊರೆಂಟ್‌ಗಳನ್ನು ಹಬ್ಬಿಸುತ್ತಿತ್ತು. ಮೆಚ್ಚುಗೆಯ ಮಾತುಗಳ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಪಾಠ ಎನಿಸುವುದು ಅದೇ ಸಂಸ್ಥೆ ಸ್ಟಾರಿಡೊಬ್ರಿ ಎಂಬ ಹೆಸರಿನಲ್ಲಿ ವಿವರಿಸಿದ ಪ್ರಕರಣ. 2024ರ ಸೆಪ್ಟೆಂಬರ್‌ನಲ್ಲಿ ಬೀಮ್‌ಎನ್‌ಜಿ ಡ್ರೈವ್, ಗ್ಯಾರೀಸ್ ಮಾಡ್ ಮುಂತಾದ ಜನಪ್ರಿಯ ಆಟಗಳ ರೀಪ್ಯಾಕ್‌ಗಳನ್ನು, ಅಂದರೆ ಮತ್ತೆ ಕಟ್ಟಿದ ಕಳ್ಳಪ್ರತಿಗಳನ್ನು, ಟೊರೆಂಟ್ ತಾಣಗಳಿಗೆ ಏರಿಸಿದರು. ಆಟ ಸರಿಯಾಗಿಯೇ ನಡೆಯುತ್ತಿತ್ತು. ಡಿಸೆಂಬರ್ 31ರಂದು, ಜನ ಹೊಸ ವರ್ಷದ ಗಡಿಬಿಡಿಯಲ್ಲಿದ್ದಾಗ, ಎಲ್ಲೆಡೆ ಒಟ್ಟಿಗೆ ಕ್ರಿಪ್ಟೊ ಗಣಿಗಾರಿಕೆಯ ಪ್ರೋಗ್ರಾಂ ಜೀವ ಪಡೆಯಿತು. ಪರೀಕ್ಷಕರ ಪ್ರಯೋಗಾಲಯದಲ್ಲಿದ್ದೇನೆ ಎಂಬ ಅನುಮಾನ ಬಂದರೆ ಅದು ತೆಪ್ಪಗಾಗುತ್ತಿತ್ತು, ಎಂಟಕ್ಕಿಂತ ಕಡಿಮೆ ಕೋರ್‌ಗಳ ಪ್ರೊಸೆಸರ್ ಇದ್ದರೆ ಗಣಿಗಾರಿಕೆ ಶುರುವಾಗುತ್ತಲೇ ಇರಲಿಲ್ಲ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅದನ್ನು ಹೊಗಳಿ ಬರೆದವರು ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ಅವರು ಕಂಡದ್ದನ್ನೇ ಹೇಳಿರುತ್ತಾರೆ. ಆಟ ನಡೆಯುತ್ತದೆ ಎಂದು ಬರೆಯುವವರಿಗೆ ಹಿನ್ನೆಲೆಯಲ್ಲಿ ಏನು ಕಾದು ಕೂತಿದೆ ಎಂದು ಗೊತ್ತಾಗುವುದು ಹೇಗೆ? ಆ್ಯಂಟಿವೈರಸ್ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಇರಲೇಬೇಕು. ಆದರೆ ಅದು ಏನೂ ಹೇಳಲಿಲ್ಲ ಎಂಬುದನ್ನು ಅಪ್ಪಣೆಪತ್ರ ಎಂದು ಓದಿಕೊಳ್ಳಬಾರದು.

ನಾನು ಸಿನಿಮಾ ಮಾತ್ರ ಇಳಿಸುತ್ತೇನೆ, ಪ್ರೋಗ್ರಾಂ ಮುಟ್ಟುವುದಿಲ್ಲ ಎನ್ನುವವರ ವಾದದಲ್ಲಿ ಹುರುಳಿದೆ. ಎಂಪಿ4 ಅಥವಾ ಎಂಕೆವಿ ಫೈಲ್ ತಾನಾಗಿ ಓಡುವಂಥದ್ದಲ್ಲ. ಪ್ಲೇಯರ್‌ನಲ್ಲಿ ದೋಷವಿದ್ದರೆ ಮಾತ್ರ ಅದರಿಂದ ತೊಂದರೆ. (ಅಂಥ ದೋಷ ಅಪರೂಪವಾದರೂ ಇಲ್ಲದ್ದಲ್ಲ: ಸಬ್‌ಟೈಟಲ್ ಫೈಲ್ ಒಂದರಿಂದಲೇ ವಿಎಲ್‌ಸಿ, ಕೋಡಿಯಂಥ ಪ್ಲೇಯರ್‌ಗಳ ಮೂಲಕ ಕಂಪ್ಯೂಟರನ್ನು ವಶಪಡಿಸಿಕೊಳ್ಳಬಹುದೆಂದು ಭದ್ರತಾ ಸಂಸ್ಥೆ ಚೆಕ್ ಪಾಯಿಂಟ್ 2017ರಲ್ಲಿ ತೋರಿಸಿತ್ತು, ಪ್ಲೇಯರ್ ಅಪ್‌ಡೇಟ್ ಮಾಡಿಕೊಂಡವರಿಗೆ ಆ ಬಾಗಿಲು ಮುಚ್ಚಿತು.) ಹೆಚ್ಚಿನ ಮೋಸ ನಡೆಯುವುದು ಸಿನಿಮಾದ ವೇಷದಲ್ಲಿರುವ ಬೇರೆ ಫೈಲ್‌ಗಳಿಂದ. 2019ರ ಆರಂಭದಲ್ಲಿ ‘ದಿ ಗರ್ಲ್ ಇನ್ ದಿ ಸ್ಪೈಡರ್ಸ್ ವೆಬ್’ ಚಿತ್ರದ ಹೆಸರಿನಲ್ಲಿ ಸಿಕ್ಕ ಟೊರೆಂಟ್ ಒಂದರಲ್ಲಿದ್ದದ್ದು ವಿಡಿಯೊ ಹೆಸರಿನ ಶಾರ್ಟ್‌ಕಟ್. ಅದರ ಮೇಲೆ ಎರಡು ಸಲ ಒತ್ತಿದರೆ ಪವರ್‌ಶೆಲ್ ಆದೇಶಗಳು ಓಡಿ, ಬ್ರೌಸರ್‌ನಲ್ಲಿ ಕಾಣುವ ಹುಡುಕಾಟದ ಫಲಿತಾಂಶಗಳನ್ನೇ ಬದಲಿಸುತ್ತಿದ್ದವು. ವಿಕಿಪೀಡಿಯದ ಪುಟದಲ್ಲಿ ಕಳ್ಳನ ಖಾತೆಗೆ ದೇಣಿಗೆ ಕೇಳುವ ನಕಲಿ ಪಟ್ಟಿ ಮೂಡುತ್ತಿತ್ತು. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು, ಹುಟ್ಟಾ ಬಚ್ಚಿಡುತ್ತದೆ. ಎಂಪಿ4 ಎಂದು ಮುಗಿಯುವಂತೆ ಕಾಣುವ ಹೆಸರಿನ ಹಿಂದೆ ಇಎಕ್ಸ್‌ಇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆಗೆ ಗುರುತು ಹಾಕುವುದಕ್ಕಿಂತ ಅಗ್ಗದ, ಅದಕ್ಕಿಂತ ಫಲ ಕೊಡುವ ಎಚ್ಚರ ಇನ್ನೊಂದಿಲ್ಲ. ಗಾತ್ರವನ್ನೂ ನೋಡಬೇಕು: ಎರಡೂವರೆ ಗಂಟೆಯ ಸಿನಿಮಾ ಕೆಲವೇ ಕೆಬಿಯಲ್ಲಿ ಹಿಡಿಸಲಾರದು. ಈ ಸಿನಿಮಾ ನೋಡಲು ಈ ಕೋಡೆಕ್ ಹಾಕಿಕೊಳ್ಳಿ, ಪಾಸ್‌ವರ್ಡ್‌ಗೆ ಈ ಪುಟಕ್ಕೆ ಹೋಗಿ ಎಂದರೆ ಅಲ್ಲಿಗೇ ಫೋಲ್ಡರ್ ಅಳಿಸಿ. ಹಾಡುಗಳನ್ನು ರಾರ್ ಕಟ್ಟಿನಲ್ಲಿ ಕೊಡುವುದನ್ನೂ ಅನುಮಾನದಿಂದಲೇ ನೋಡಬೇಕು. ವಿನ್‌ರಾರ್‌ನಲ್ಲಿ 19 ವರ್ಷ ಅಡಗಿದ್ದ ದೋಷವೊಂದು 2019ರಲ್ಲಿ ಬಯಲಾದ ಕೂಡಲೇ ಅರಿಯಾನಾ ಗ್ರಾಂಡೆಯ ಹೊಸ ಆಲ್ಬಮ್‌ನ ಕಳ್ಳಪ್ರತಿಯಲ್ಲಿ ಅದನ್ನು ಬಳಸಿಕೊಂಡರು. ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಹಾಗಾಗಿ ಹಳೆಯ ಆವೃತ್ತಿಗಳು ಇಂದಿಗೂ ಕಂಪ್ಯೂಟರ್‌ಗಳಲ್ಲಿ ಉಳಿದಿವೆ.

ಹೊಸ ಸಿನಿಮಾದ ಕಳ್ಳಪ್ರತಿಯ ಬಗ್ಗೆ ಇನ್ನೊಂದು ಮಾತನ್ನು ವೈರಸ್ಸಿನ ಜೊತೆ ಬೆರೆಸದೆ ಹೇಳಬೇಕು. ಟೊರೆಂಟ್‌ನಲ್ಲಿ ಇಳಿಸಿಕೊಳ್ಳುವವರು ಅದೇ ಹೊತ್ತಿಗೆ ಬೇರೆಯವರಿಗೆ ಹಂಚುತ್ತಲೂ ಇರುತ್ತಾರೆ. ಸಿನಿಮಾಗಳನ್ನು ಅನಧಿಕೃತವಾಗಿ ಚಿತ್ರೀಕರಿಸಿ ಹಂಚುವವರಿಗೆ 2023ರ ಸಿನಿಮಾಟೊಗ್ರಾಫ್ ತಿದ್ದುಪಡಿ ಕಾಯ್ದೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ವಿಧಿಸುತ್ತದೆ. ದುಡಿದವರ ಪಾಲನ್ನು ಕದಿಯುವುದು ತಪ್ಪು ಎಂಬುದು ತನ್ನಷ್ಟಕ್ಕೇ ಸಾಕಾದ ಕಾರಣ. ವೈರಸ್ಸಿನ ಗುಮ್ಮನನ್ನು ತೋರಿಸಿ ಪೈರಸಿ ತಡೆಯಲು ಹೊರಟರೆ ಎರಡು ವಿಷಯಗಳೂ ಹಗುರವಾಗುತ್ತವೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ದುಡ್ಡಿನದು. ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿ, ಫ್ಲೆಕ್ಸ್ ಮುದ್ರಕ, ಫೋಟೊ ಸ್ಟುಡಿಯೊ ಇವರಿಗೆ ತಿಂಗಳ ಚಂದಾ ಕಟ್ಟಿ ತಂತ್ರಾಂಶ ಬಳಸುವಷ್ಟು ಲಾಭ ಬರುತ್ತದೆಯೇ? ಈ ಪ್ರಶ್ನೆಯನ್ನು ಉಪದೇಶದಿಂದ ತಳ್ಳಿಹಾಕುವಂತಿಲ್ಲ. ಆದರೆ ಇಂಥ ಅಂಗಡಿಯ ಕಂಪ್ಯೂಟರಿನಲ್ಲಿ ಗಿರಾಕಿಗಳ ಆಧಾರ್ ಪ್ರತಿ, ಅಂಕಪಟ್ಟಿ, ಪಹಣಿ, ಪಾಸ್‌ಪೋರ್ಟ್ ಅಳತೆಯ ಫೋಟೊಗಳು ಇರುತ್ತವೆ. ಕ್ರ್ಯಾಕ್‌ನಿಂದ ಉಳಿದ ದುಡ್ಡು ಅಂಗಡಿಯವರದು, ಅಪಾಯ ಮಾತ್ರ ಅವರನ್ನು ನಂಬಿ ಕಾಗದ ಕೊಟ್ಟ ಊರಿನವರದು. ಬೇರೆ ದಾರಿಯೂ ಇದೆ. ಫೋಟೊ ತಿದ್ದಲು ಗಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್, ದಾಖಲೆಗಳಿಗೆ ಲಿಬ್ರೆಆಫೀಸ್, ಎಲ್ಲವೂ ಉಚಿತ, ಯಾವುದಕ್ಕೂ ಕ್ರ್ಯಾಕ್ ಬೇಡ. ಹಳೆಯ ಪೇಜ್‌ಮೇಕರ್ ಮತ್ತು ಯುನಿಕೋಡ್ ಅಲ್ಲದ ಫಾಂಟ್‌ಗಳಿಗೆ ಒಗ್ಗಿಹೋದ ಕನ್ನಡ ಮುದ್ರಣಕ್ಕೆ ಈ ಬದಲಾವಣೆ ಸಲೀಸಲ್ಲ, ಕೈ ಪಳಗಲು ಸಮಯ ಬೇಕು. ಕಲಿಕೆ ಶಾಲೆಯಲ್ಲೇ ಆದರೆ ಆ ಕಷ್ಟ ಅರ್ಧ ಕಳೆಯುತ್ತದೆ. ನೆರೆಯ ಕೇರಳದಲ್ಲಿ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಆಧರಿಸಿದ ಸ್ವಂತ ಕಾರ್ಯಾಚರಣ ವ್ಯವಸ್ಥೆಯನ್ನು ಶಾಲೆಗಳಿಗೆ ಕೊಟ್ಟು ವರ್ಷಗಳೇ ಆದವು. ಕರ್ನಾಟಕ ಇದನ್ನು ಮಾಡಲಾಗದ ಕಾರಣ ನನಗೆ ಕಾಣುವುದಿಲ್ಲ.

ಟೊರೆಂಟ್ ತಂತ್ರಾಂಶವನ್ನು ಆರಿಸುವಾಗಲೂ, ಕೊಟ್ಟವರು ಯಾರು ಎಂಬ ಅದೇ ಪ್ರಶ್ನೆ ಕೇಳಬೇಕು. 2018ರ ಮಾರ್ಚ್‌ನಲ್ಲಿ ಮೀಡಿಯಾಗೆಟ್ ಎಂಬ ಟೊರೆಂಟ್ ತಂತ್ರಾಂಶದ ಅಪ್‌ಡೇಟ್‌ಗೇ ವಿಷ ಬೆರೆಸಿ ಹರಡಿದ ದಾಳಿಯಲ್ಲಿ, ಹನ್ನೆರಡು ಗಂಟೆಯೊಳಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರಯತ್ನಗಳನ್ನು ತಡೆದೆವೆಂದು ಮೈಕ್ರೊಸಾಫ್ಟ್ ಹೇಳಿತ್ತು. ಮೂಲ ಸಂಕೇತವನ್ನು ಎಲ್ಲರೂ ಓದಬಹುದಾದ ಕ್ಯೂಬಿಟ್‌ಟೊರೆಂಟ್ ಈ ಮಟ್ಟಿಗೆ ಮೇಲು. ಅದರಲ್ಲೂ 2010ರಿಂದ ಉಳಿದಿದ್ದ ಭದ್ರತೆಯ ದೋಷವೊಂದನ್ನು ಸರಿಪಡಿಸಿದ್ದು 2024ರಲ್ಲಿ, ಹಾಗಾಗಿ ಅಪ್‌ಡೇಟ್ ತಪ್ಪಿಸಬಾರದು.

ಈಗಾಗಲೇ ಅನುಮಾನದ ಕ್ರ್ಯಾಕ್ ಓಡಿಸಿದ್ದರೆ ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಿರಿ. ಪಾಸ್‌ವರ್ಡ್‌ಗಳನ್ನು ಅದೇ ಕಂಪ್ಯೂಟರ್‌ನಲ್ಲಿ ಕೂತು ಬದಲಿಸಿದರೆ ಹೊಸದೂ ಕಳ್ಳನ ಕೈ ಸೇರುತ್ತದೆ. ಬೇರೆ ಫೋನಿನಿಂದ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡುವ ಆಯ್ಕೆ ಒತ್ತಿ, ಆಗ ಕದ್ದ ಕುಕಿಗೆ ಬೆಲೆ ಇರುವುದಿಲ್ಲ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಸ್ವಚ್ಛಗೊಳಿಸುವ ಉಚಿತ ಸಲಕರಣೆಗಳಿವೆ, ಆದರೂ ವಿಂಡೋಸನ್ನು ಹೊಸದಾಗಿ ಹಾಕಿಕೊಳ್ಳುವುದೇ ಭದ್ರ. ಫೋಟೊ, ದಾಖಲೆಗಳನ್ನಷ್ಟೇ ಉಳಿಸಿಕೊಳ್ಳಿ, ಹಳೆಯ ಸೆಟಪ್ ಫೈಲ್‌ಗಳಿದ್ದ ಫೋಲ್ಡರನ್ನು ವಾಪಸ್ ತರಬೇಡಿ. ಅದೇ ಸೆಟಪ್ಪನ್ನು ಪೆನ್‌ಡ್ರೈವ್‌ನಲ್ಲಿ ಪಕ್ಕದ ಅಂಗಡಿಯವರಿಗೋ ಸ್ನೇಹಿತರಿಗೋ ಕೊಟ್ಟಿದ್ದರೆ, ಇವತ್ತೇ ಅವರಿಗೂ ವಿಷಯ ತಿಳಿಸಿ.